ಹತ್ತೂವರೆ, ಶಿವಮೊಗ್ಗ

ದುರ್ಗಿಗುಡಿಯ ಎರಡನೇ ಮಹಡಿ. ಕೆಳಗೆ ಕನ್ನಡಕದಂಗಡಿ,
ಮೇಲೆ ನಾವು ಆರು ಜನ, ಒಂದು ಯುಪಿಎಸ್ಸು,
ಸಹಕಾರ ಸಂಘದ ಲಾಕರಿಗೆ ತಂತ್ರಾಂಶ ಬರೆಯುವವರು.

ಸೋಮವಾರ ಬಂದ ಅರ್ಜಿ:
ಫ್ಲೋರಿನ್ ಮಿನೇಜಸ್, ನಿವೃತ್ತ ದಾದಿ, ಹೆರಿಗೆ ವಾರ್ಡು.
ಲಾಕರ್ ನಲವತ್ತೊಂದು. ಒಳಗೆ ಒಂದು ಲಕೋಟೆ.
ತೆರೆಯಬೇಕಾದ್ದು
ಎರಡು ಸಾವಿರದ ಎಂಬತ್ತೇಳು, ಜೂನ್ ಹದಿನೇಳು,
ಬೆಳಿಗ್ಗೆ ಹತ್ತೂವರೆ.
ಷರಾ: ಒಂದು ನಿಮಿಷ ಮೊದಲೂ ಬೇಡ.

ಹಾಲಸ್ವಾಮಿ ಹೇಳಿದ, ಎಂದಿನಂತೆ, ಪರದೆಯಿಂದ ಕಣ್ಣೆತ್ತದೆ:
"ಐದೂವರೆ ಕಳಿ. ಗ್ರೀನಿಚ್ಚಿಗೆ ತಿರುಗಿಸಿ ಇಡು.
ಎಲ್ಲ ಸಮಯಾನೂ ಹಾಗೇ ಇಡೋದು."
ಕಳೆದೆ. ಐದು ಗಂಟೆ ಉಳಿಯಿತು.
ಐದು ಗಂಟೆ, ಸೊನ್ನೆ ನಿಮಿಷ, ಸೊನ್ನೆ ಸೆಕೆಂಡು.
ನೋಡಲು ಎಷ್ಟು ಚೊಕ್ಕ, ತೊಳೆದು ಬೋರಲಿಟ್ಟ ತಟ್ಟೆಯ ಹಾಗೆ.

ಆಗಿಹೋದದ್ದಕ್ಕೆ ಸರಿ ಅದು.
ನಿನ್ನೆಯ ರಸೀದಿ, ಮೊನ್ನೆಯ ಜಮೆ,
ಮೊಳೆ ಹೊಡೆದ ಹೊತ್ತು ಅವು, ಅಲ್ಲಾಡವು.
ಆದರೆ ಈ ಐದೂವರೆ ಅನ್ನೋದು
ಬೆಟ್ಟವಲ್ಲ, ತುಂಗೆಯೊಳಗಿನ ಬಂಡೆಯಲ್ಲ,
ಗೆಜೆಟ್ಟಿನ ಒಂದು ಸಾಲು.
ಮಹಾಯುದ್ಧದಲ್ಲಿ ಇದನ್ನೇ ಆರೂವರೆ ಮಾಡಿದ್ದರು;
ದೇಶಕ್ಕೆ ದೇಶವೇ ಒಂದು ಗಂಟೆ ಮೊದಲು ಎದ್ದಿತು,
ಸೂರ್ಯನನ್ನು ಯಾರೂ ಕೇಳಲಿಲ್ಲ.
ಈಗಲೂ ವರ್ಷಕ್ಕೆ ನಾಲ್ಕಾರು ಸಲ ಪಟ್ಟಿಗೆ ತಿದ್ದುಪಡಿ ಬರುತ್ತದೆ:
ಯಾವುದೋ ದೇಶ, ಯಾರದೋ ಮರ್ಜಿ,
ವಾರದ ಮುಂಚೆ ಹೇಳಿ ಮುಳ್ಳು ತಿರುಗಿಸಿರುತ್ತಾರೆ.

ಅರವತ್ತು ವರ್ಷದೊಳಗೆ ಇಲ್ಲೂ ಯಾರೋ ಸಹಿ ಹಾಕಿ
ಆರು ಮಾಡಿದರೆ?
ಯಾರೋ ಒಬ್ಬಳು, ಇನ್ನೂ ಹುಟ್ಟದವಳು,
ಹತ್ತೂವರೆಗೆ ಸರಿಯಾಗಿ ಸಂಘದ ಮೆಟ್ಟಿಲ ಮೇಲೆ ನಿಂತಿರುತ್ತಾಳೆ.
ಲಾಕರು ನನ್ನ ಐದು ಗಂಟೆಯನ್ನೇ ಹಿಡಿದು ಕೂತು
ಹನ್ನೊಂದಕ್ಕೆ ತೆರೆದುಕೊಳ್ಳುತ್ತದೆ.
ಅರ್ಧ ಗಂಟೆ.
ಅಷ್ಟರಲ್ಲಿ ಮನುಷ್ಯರು ಏನೇನು ಯೋಚಿಸುವುದಿಲ್ಲ,
ಅಜ್ಜಿಗೆ ಮರೆವಿತ್ತೇನೋ, ಲಕೋಟೆ ಇರಲೇ ಇಲ್ಲವೇನೋ.

ವಿಚಿತ್ರ ನೋಡಿ,
ಆ ದಿನ ಮಂಗಳವಾರ ಎಂದು ಬೆರಳೆಣಿಸಿ ಹೇಳಬಲ್ಲೆ.
ಅಂದಿನ ತಿಥಿ, ನಕ್ಷತ್ರ, ಪಂಚಾಂಗದವರು ಇವತ್ತೇ ಬರೆದುಕೊಡುತ್ತಾರೆ.
ನಮ್ಮೂರ ನಡುಹಗಲು ಇವತ್ತಿನ ಲೆಕ್ಕಕ್ಕೆ
ಹನ್ನೆರಡಾಗಿ ಇಪ್ಪತ್ತೆಂಟು ನಿಮಿಷಕ್ಕೆ, ಅದೂ ಗೊತ್ತು.
ಗ್ರಹಣ ಗೊತ್ತು.
ಗಡಿಯಾರ ಮಾತ್ರ ಗೊತ್ತಿಲ್ಲ.

ದಾದಿಗೆ ಫೋನು ಮಾಡಿದೆ. ಅಂದರು:
"ಮೂವತ್ತೊಂದು ವರ್ಷ ಕೂಸುಗಳ ಹೊತ್ತು ಬರೆದವಳು ನಾನು.
ಗೋಡೆ ಗಡಿಯಾರ ನೋಡೋದು, ಬರೆಯೋದು, ಅಷ್ಟೇ.
ಅದು ಐದು ನಿಮಿಷ ಮುಂದಿತ್ತು. ಎಲ್ಲರಿಗೂ ಗೊತ್ತಿತ್ತು.
ಜಾತಕದವರು ಬಂದು ಜಗಳ ತೆಗೆದರೆ ಹೇಳ್ತಿದ್ದೆ,
ಸ್ವಾಮಿ, ತಾಯಿ ಕಣ್ಣಿಗೆ ಬಿದ್ದ ಗಡಿಯಾರ ಅದೇ.
ನಿಮ್ಮ ಗ್ರೀನಿಚ್ಚು ಗೀನಿಚ್ಚು ನಂಗೆ ಬೇಡ ಮಗಾ.
ಆವತ್ತು ಅಲ್ಲಿನ ಗೋಡೆ ಮೇಲೆ ಹತ್ತೂವರೆ ಆದಾಗ ತೆಗೀರಿ."

ಐದನ್ನು ಅಳಿಸಿದೆ.
ಬರೆದೆ: ದಿನ. ಗೋಡೆಯ ಹೊತ್ತು. ಊರು.
ಕಳೆಯುವ ಕೆಲಸ ಆ ದಿನದವರಿಗೇ ಬಿಟ್ಟೆ.
ಊರಿನ ಪಟ್ಟಿ ತೆರೆದರೆ ಶಿವಮೊಗ್ಗ ಇಲ್ಲ,
ಭದ್ರಾವತಿ ಇಲ್ಲ, ಬೆಂಗಳೂರೂ ಇಲ್ಲ,
ಇಡೀ ದೇಶಕ್ಕೆ ಒಂದೇ ಹೆಸರು, ಕೋಲ್ಕತಾ.
ಇರಲಿ ಎಂದು ಅದನ್ನೇ ಒತ್ತಿ,
ಪಕ್ಕದಲ್ಲಿ, ಯಂತ್ರ ಓದದ ಸಾಲಿನಲ್ಲಿ, ಕನ್ನಡದಲ್ಲಿ ಬರೆದೆ:
ಊರು ಶಿವಮೊಗ್ಗ. ಈ ಪಟ್ಟಿ ಎಂದಾದರೂ ಒಡೆದರೆ
ನಮ್ಮ ಪಾಲಿಗೆ ಬಂದ ಹೊತ್ತನ್ನು ಹಿಡಿಯಿರಿ.
ಐದೂವರೆಯನ್ನು ನಂಬಬೇಡಿ.

ಹಾಲಸ್ವಾಮಿ ಓದಿ ನಕ್ಕ.
"ಅರವತ್ತು ವರ್ಷಕ್ಕೆ ಈ ಸಂಘ ಇರುತ್ತಾ? ಈ ಕೋಡು?
ಹೋಗಲಿ, ಈ ಯುಪಿಎಸ್ಸು?"
ಉತ್ತರ ಇರಲಿಲ್ಲ. ಹಸಿವಾಗಿತ್ತು.
ಮೆಟ್ಟಿಲಿಳಿದರೆ ಕನ್ನಡಕದಂಗಡಿಯ ಗೋಡೆಯಲ್ಲಿ ಒಂದೂ ಹತ್ತು,
ನನ್ನ ಫೋನಿನಲ್ಲಿ ಒಂದೂ ಆರು.
ಊಟಕ್ಕೆ ಹೋದೆವು, ಅಂಗಡಿಯ ಹೊತ್ತಿಗೆ.